ಇಬ್ಬರಿಗೊಂದೇ ಫೋನು

ಮುಂಬೈಯ ಲೋಕಲ್ ರೈಲು ಡೊಂಬಿವಲಿ ಸ್ಟೇಷನ್ ಬಿಟ್ಟ ಮೇಲೆಯೇ ಪ್ಲಾಟ್‌ಫಾರ್ಮಿಗಿಳಿದಿದ್ದ ಸೇಮಿಸಿಗೆ ಗೊತ್ತಾದದ್ದು, ಜೊತೆಗಾರ ಡೇನಿಯಲ್ ಇಳಿದೇ ಇಲ್ಲ ಎಂದು. ಬಾಗಿಲಲ್ಲಿ ಮುದುಕರೊಬ್ಬರಿಗೆ ದಾರಿ ಬಿಡುತ್ತಾ ನಿಂತಿದ್ದ. ಈ ಊರ ಲೋಕಲ್‌ನಲ್ಲಿ ದಾರಿ ಬಿಟ್ಟವನು ಇಳಿಯುವುದುಂಟೇ? ಹತ್ತುವವರು ಅವನನ್ನು ಒಳಗೇ ತಳ್ಳಿಬಿಟ್ಟರು.

ಸೇಮಿಸಿ ಟೋಂಗಾ ದ್ವೀಪದಿಂದ ಧರ್ಮಪ್ರಚಾರಕ್ಕೆ ಬಂದ ಇಪ್ಪತ್ತರ ಹುಡುಗ. ಮಿಷನ್ನಿನ ನಿಯಮ ಕಟ್ಟುನಿಟ್ಟು: ಎಲ್ಲಿ ಹೋದರೂ ಇಬ್ಬರು, ಒಂದು ಗಳಿಗೆಯೂ ಒಬ್ಬಂಟಿಯಾಗಿರಕೂಡದು. ಇಬ್ಬರಿಗೂ ಸೇರಿ ಒಂದೇ ಫೋನು. ಅದು ಡೇನಿಯಲ್‌ನ ಜೇಬಿನಲ್ಲಿ ಕಲ್ಯಾಣ ಸ್ಟೇಷನ್ನಿನ ಕಡೆ ಓಡುತ್ತಿತ್ತು. ಎಲ್ಲರೂ ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆನಿಸಿ, ಸೇಮಿಸಿ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಅಂಗೈಯಿಂದ ಮುಚ್ಚಿಕೊಂಡ.

“ಎಲ್ಲಿ ನಿನ್ನ ಜೋಡಿ?” ಹಿಂದಿಯಲ್ಲಿ ಯಾರೋ ಗದರಿದರು. ಉಡುಪಿ ಹೋಟೆಲಿನ ರಮಾಕಾಂತ ಭಟ್ಟರು. ಮೊನ್ನೆ ತಾನೇ “ದೇವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ, ನಡೀರಿ” ಎಂದು ಇಬ್ಬರನ್ನೂ ಬಾಗಿಲಿಂದಲೇ ಅಟ್ಟಿದ್ದವರು. ಸೇಮಿಸಿ ತೊದಲುತ್ತಾ ಎಲ್ಲ ಹೇಳಿದ.

ಭಟ್ಟರು ತಮ್ಮ ಫೋನು ಚಾಚಿದರು. ಸೇಮಿಸಿಗೆ ಡೇನಿಯಲ್ ಬಳಿಯಿದ್ದ ಫೋನಿನ ನಂಬರೇ ಗೊತ್ತಿಲ್ಲ. ತನ್ನದೇ ನಂಬರಿಗೆ ಯಾರಾದರೂ ಫೋನು ಮಾಡುತ್ತಾರೆಯೇ?

ಹಣೆ ಚಚ್ಚಿಕೊಂಡು ಭಟ್ಟರು ಅವನನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲೇ ಕುಳಿತರು.

“ಒಬ್ಬನೇ ಇರಬಾರದು ತಾನೇ? ಅವನು ಬರುವವರೆಗೆ ನಾನೇ ನಿನ್ನ ಜೋಡಿ. ದೇವರ ಸುದ್ದಿ ಮಾತ್ರ ಎತ್ತಬೇಡ.”