ಶಟ್ಟೆಪ್ಪನ ಕೈಗುಣ

ಮುರಗೋಡದ ಹಾದಿಯ ಹಳ್ಳದ ದಂಡೆಯಲ್ಲಿ ಶಟ್ಟೆಪ್ಪ ಹೊಂಗೆಬೀಜದ ಗಾಣ ಹೂಡಿದ್ದ. ಪೇಟೆಗೆ ಹೊಸದಾಗಿ ಬಂದಿದ್ದ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಹೆಸರೆತ್ತಿದರೆ ಸಾಕು, ಅವನ ಮೂಗು ಸೊಟ್ಟಗಾಗುತ್ತಿತ್ತು. "ದೀಪ ಅಂದ್ರ ನನ್ನ ಎಣ್ಣೀದು" ಎನ್ನುತ್ತಿದ್ದ.

ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಹೊಲಕ್ಕೆ ಹಾಕುವ ಮೊದಲು ಹಳ್ಳದ ಮಡುವಿನಲ್ಲೇ ನೆನೆಹಾಕುತ್ತಿದ್ದ. ಗಾಣ ತೊಳೆದ ನೀರೂ ಅಲ್ಲಿಗೇ. ಒಂದು ಮುಂಜಾನೆ ನೋಡಿದರೆ ಮಡುವಿನ ತುಂಬ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಶಟ್ಟೆಪ್ಪ ಬುಟ್ಟಿ ತುಂಬಿಕೊಂಡು ಮನೆಗೆ ಓಡಿದ.

"ನೋಡ ಕೆಂಪವ್ವ, ನಿಮ್ಮಪ್ಪಾರು ದಿನಾ ಗಾಳ ಹಾಕಿ ಕುಂದರತಾರ, ಒಂದೂ ಸಿಗೂದಿಲ್ಲ. ನನ್ನ ಮಾರಿ ನೋಡಿದ್ರ ಸಾಕು, ಮೀನ ತಾವ ಬಂದು ಬೀಳತಾವ!"

"ನಿಮ್ಮ ಮಾರಿ ನೋಡಿ ಎಚ್ಚರ ತಪ್ಪ್ಯಾವ್ರಿ, ಪಾಪ. ನಾ ಆಗಿದ್ದಕ್ಕ ತಾಳೇನಿ" ಎಂದಳು ಹೆಂಡತಿ. "ನಮ್ಮ ತವರಾಗ ಕಾರಿಕಾಯಿ ಜಜ್ಜಿ ನೀರಿಗೆ ಹಾಕಿ ಮೀನ ಮಲಗಸತಾರ. ನಿಮ್ಮ ಹಿಂಡಿನೂ ಅದನ್ನ ಮಾಡೈತಿ. ಮರಿಮೀನಸುದ್ದಾ ಸತ್ತಾವ. ಆ ನೀರ ಹಳ್ಳಕ್ಕ ಬಿಡಬ್ಯಾಡ್ರಿ."

"ನನ್ನ ಕೈಗುಣ ಕಂಡ್ರ ನಿನಗ ಹೊಟ್ಟಿಕಿಚ್ಚ" ಎಂದು ಶಟ್ಟೆಪ್ಪ ಮೀಸೆ ತಿರುವಿದ.

ಹಿಂಡಿ ಮಡುವಿನಲ್ಲೇ ನೆನೆಯುತ್ತ ಹೋಯಿತು. ಬೇಸಿಗೆ ಬರುವಷ್ಟರಲ್ಲಿ ಹಳ್ಳದಲ್ಲಿ ಮೀನಿರಲಿ, ಒಂದು ಕಪ್ಪೆಯೂ ಉಳಿದಿರಲಿಲ್ಲ. ಒಂದು ಸಂಜೆ ರೊಟ್ಟಿ ಮುರಿಯುತ್ತ ಅವನು ಮೀನಿನ ಸಾರು ಕೇಳಿದ. ಕೆಂಪವ್ವ ಬಟ್ಟಲು ತಂದಿಟ್ಟಳು. ಬೆರಳಾಡಿಸಿದರೆ ತಳದವರೆಗೂ ಬರೀ ಖಾರದ ನೀರು.

"ಮೀನ ಎಲ್ಲೈತಿ?"

ಅವಳು ಅವನದೇ ಎಣ್ಣೆಯ ದೀಪವನ್ನು ಬಟ್ಟಲಿನ ಹತ್ತಿರಕ್ಕೆ ಸರಿಸಿದಳು.

"ಚಿಮಣಿಗಿಂತ ಛಲೋ ಬೆಳಕ ಐತಲ್ರಿ. ನೀವ ಹುಡುಕ್ರಿ."