ಅಂಜಿನಪ್ಪ ಹೊಡೆಯದ ಬಂದೂಕು

ಬಂದೂಕಿಗಿಂತ ಅದರ ಕಾಗದವೇ ಭಾರ ಎಂದು ಗುಬ್ಬಿಯ ಅಡವಿಯಪ್ಪ ಹೇಳುತ್ತಲೇ ಇದ್ದ. ಹೇಳುತ್ತ ಹೇಳುತ್ತಲೇ ನಲವತ್ತು ವರ್ಷ ಆ ಭಾರವನ್ನು ಹೊತ್ತ. ಹೊರು ಎಂದು ಅವನಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ನಿನ ಕೆಲಸ. ಜೊತೆಯವರು ಸಂಬಳದಲ್ಲಿ ಉಳಿಸಿ ಸೈಟು ಕೊಂಡರೆ ಇವನು ತುಕ್ಕು ಹಿಡಿದ ಹಳೇ ಬಂದೂಕು ಕೊಂಡ. ಅದನ್ನು ಬಿಚ್ಚಿ, ಉಜ್ಜಿ, ಕಳೆದುಹೋದ ಸ್ಕ್ರೂವನ್ನು ತಾನೇ ಲೇತಿನಲ್ಲಿ ತಿರುವಿ ಕೂರಿಸಿ, ಎರಡು ವರ್ಷ ಮಗುವಿನಂತೆ ಮುದ್ದಾಡಿ, ಆಮೇಲೆ ಲೈಸೆನ್ಸ್ ಇರುವ ಇನ್ನೊಬ್ಬ ಹುಚ್ಚನಿಗೆ ಮಾರಿ ಮತ್ತೊಂದು ತರುತ್ತಿದ್ದ. ಪ್ರತಿ ಸಲವೂ ಅರ್ಜಿ, ಪರ್ಮಿಷನ್ನು, ಸೀಲು. ಮದುವೆಯಾದರೆ ಹುಚ್ಚು ಬಿಡುತ್ತದೆ ಎಂದು ಹಿರಿಯರು ಮದುವೆ ಮಾಡಿದರು. ಹುಚ್ಚು ಬಿಡಲಿಲ್ಲ.

ಒಂಟಿ ಹುಚ್ಚ ಹೇಗೋ ಸುಮ್ಮನಿರುತ್ತಾನೆ, ಜೊತೆ ಸಿಕ್ಕರೆ ಕೆಟ್ಟ. ಇವನಿಗೆ ಸಿಕ್ಕ ಜೊತೆ ಅಂಜಿನಪ್ಪ. ಎಲೆಕ್ಷನ್ ಬಂದಾಗೆಲ್ಲ ಲೈಸೆನ್ಸ್ ಇರುವವರು ಬಂದೂಕನ್ನು ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕಲ್ಲ, ಹಾಗೆ ಒಪ್ಪಿಸುವ ಸಾಲಿನಲ್ಲಿ ಇಬ್ಬರಿಗೂ ಪರಿಚಯವಾಯಿತು. ಉಳಿದವರಿಗೆ ಎಲೆಕ್ಷನ್ ಎಂದರೆ ಯಾರು ಗೆದ್ದರು ಎನ್ನುವ ಲೆಕ್ಕ. ಇವರಿಬ್ಬರಿಗೆ ಮಾತ್ರ ಯಾರ ಹತ್ತಿರ ಯಾವ ಬಂದೂಕು ಇದೆ ಎಂದು ನೋಡುವ ಸಡಗರ. ಸಾಲಿನಲ್ಲಿ ನಿಂತೇ ಕೊಡುವ ಕೊಳ್ಳುವ ಮಾತು ಮುಗಿಸುತ್ತಿದ್ದರು.

ಒಮ್ಮೆ ಇಬ್ಬರೂ ಬೆಂಗಳೂರಿಗೆ ಹೋಗಿ ಮ್ಯೂಸಿಯಮ್ಮಿನಲ್ಲಿ ಹಳೇ ಯುದ್ಧದ ಮಿಷಿನ್‌ಗನ್ ಒಂದನ್ನು ನೋಡಿದ್ದರು. ಅಡವಿಯಪ್ಪ ಅದರ ಮುಂದೆ ಒಂದು ಗಂಟೆ ಕದಲದೆ ನಿಂತ. ಕಾವಲಿನವನಿಗೆ ಅನುಮಾನವೇ ಬಂತು.

"ಇದೊಂದು ನಮ್ಮನೇಲಿ ಇದ್ದಿದ್ರೆ ಕಣ್ಲಾ..." ಅಂದ ಅಡವಿಯಪ್ಪ.

"ಎಲೆಕ್ಷನ್ ಬಂದಾಗ ಇದನ್ನ ಸ್ಟೇಷನ್‌ಗೆ ಹೊತ್ಕೊಂಡೋಗೋನು ಯಾರ್ಲಾ, ನಿಮ್ಮ ಮಾವನಾ?" ಅಂದ ಅಂಜಿನಪ್ಪ.

ಆ ಮಾತು ನೆನೆದು ಅಡವಿಯಪ್ಪ ಈಗಲೂ ಒಬ್ಬನೇ ನಗುತ್ತಾನೆ. ಎಂಥ ದಿನಗಳವು! ಕೈಯಲ್ಲಿ ಬಸ್ ಚಾರ್ಜು, ಹೊಟ್ಟೆಯಲ್ಲಿ ಒಂದು ಮಸಾಲೆ ದೋಸೆ, ಪಕ್ಕದಲ್ಲಿ ಅಂಜಿನಪ್ಪ. ಇನ್ನೇನು ಬೇಕಿತ್ತು?

ಎಷ್ಟೋ ಬಂದೂಕುಗಳು ಬಂದವು, ಹೋದವು. ಕಾನೂನು ಬದಲಾಗಿ ಒಬ್ಬನಿಗೆ ಎರಡೇ ಎಂದಾಗ ಅವನು ತನ್ನ ಮೂರನೆಯದನ್ನು ಕಣ್ಣೊರೆಸಿಕೊಂಡೇ ಒಪ್ಪಿಸಿ ಬಂದ. ಆದರೆ ಒಂದನ್ನು ಮಾತ್ರ ಅವನು ಯಾವತ್ತೂ ಮಾರುವ ಮಾತೆತ್ತಲಿಲ್ಲ. ಅದು ಅವನ ಅಪ್ಪನ ನಾಡಬಂದೂಕು. ನಳಿಗೆಯ ಬಾಯಿಂದ ಮದ್ದು ತುಂಬಿ, ಬುಡದಲ್ಲಿ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವಂಥದ್ದು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಅಪ್ಪ ಅದರಿಂದಲೇ ಓಡಿಸುತ್ತಿದ್ದ. ಮಾರಿದರೆ ಗುಜರಿ ರೇಟೂ ಬರಲಿಕ್ಕಿಲ್ಲ, ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ಇಲ್ಲಿ ತಿರುಗಿ ಮಗನಿಗೆ ಅಂಟಿಕೊಂಡಿತ್ತು. ಅದರ ನಂಬರು ಒಂಬೈನೂರ ಹದಿನಾಲ್ಕು. ಲೈಸೆನ್ಸ್ ರಿನ್ಯೂವಲ್ಲಿಗೆ ಹೋದಾಗೆಲ್ಲ ಗುಮಾಸ್ತರು ಕೇಳುವ ಮುಂಚೆಯೇ ಮಗ್ಗಿ ಒಪ್ಪಿಸುವಂತೆ ಒಪ್ಪಿಸುತ್ತಿದ್ದ. ಅಷ್ಟು ಬಾಯಿಪಾಠ ಇರುವವನ ಬಂದೂಕನ್ನು ತಿರುಗಿಸಿ ನೋಡುವ ಅಗತ್ಯ ಯಾರಿಗೆ ಬಂದೀತು?

ಅಂಜಿನಪ್ಪನ ಅಪ್ಪನದೂ ಥೇಟ್ ಅಂಥದ್ದೇ ಬಂದೂಕು. ಒಬ್ಬನೇ ಕೆಲಸಗಾರ ಒಂದೇ ಅಳತೆಯಲ್ಲಿ ಮಾಡಿದ ಅವಳಿ ಜವಳಿ. ಆಯುಧಪೂಜೆಯ ಹಿಂದಿನ ದಿನ ಇಬ್ಬರೂ ಅಂಜಿನಪ್ಪನ ಜಗಲಿಯಲ್ಲಿ ಗೋಣಿಚೀಲ ಹಾಸಿ, ಎರಡನ್ನೂ ಬಿಚ್ಚಿ, ನಳಿಗೆಯೊಳಗೆ ಬಿಸಿ ಕೊಬ್ಬರಿ ಎಣ್ಣೆ ಬಿಟ್ಟು, ಬಟ್ಟೆ ತೂರಿಸಿ ಉಜ್ಜುತ್ತಿದ್ದರು. ಮಾರನೆಯ ದಿನ ಪೂಜೆ ಮುಗಿದು ಬೂದುಗುಂಬಳ ಒಡೆದ ಮೇಲೆ ಆಕಾಶಕ್ಕೆ ಒಂದೊಂದು ಗುಂಡು. ಈಗ ಹಾಗೆ ಹೊಡೆದರೆ ಜೈಲಿನ ಮುದ್ದೆಯೇ ಗತಿ, ಆಗ ಕೇಳುವವರಿರಲಿಲ್ಲ.

ಎಂಬತ್ತಾರರ ಆಯುಧಪೂಜೆಯಿಂದ ಅಂಜಿನಪ್ಪ ಹೊಡೆಯುವುದನ್ನು ನಿಲ್ಲಿಸಿದ. ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಮತ್ತೆ ಗೋಡೆಗೆ ನೇತು ಹಾಕುತ್ತಿದ್ದ. ಯಾಕೆ ಎಂದು ಕೇಳಿದರೆ, "ಭಯ ಆಯ್ತದೆ ಬುಡು," ಎನ್ನುತ್ತಿದ್ದ. ಅಡವಿಯಪ್ಪನಿಗೆ ಅಷ್ಟು ಸಾಕಾಯಿತು. ಅಂಜುಬುರುಕ ಅಂಜಿನಪ್ಪ ಎಂದು ಹೆಸರಿಟ್ಟ. ಠಾಣೆಯ ಸಾಲಿನಲ್ಲಿ, ಹೋಟೆಲಿನಲ್ಲಿ, ಸಂತೆಯಲ್ಲಿ ಅದೇ ಹೆಸರು. ಅಂಜಿನಪ್ಪ ಹೆಂಡತಿ ಕಡೆಯ ತೆಂಗಿನ ತೋಟ ನೋಡಿಕೊಳ್ಳಲು ಕುಣಿಗಲ್ಲಿಗೆ ಹೋದ ಮೇಲೂ ಬಿಡಲಿಲ್ಲ. ಅವನ ಮಗನ ಮದುವೆಯಲ್ಲಿ ಬೀಗರ ಮುಂದೆಯೇ, "ನಮ್ಮ ಅಂಜಿನಪ್ಪನ ಬಂದೂಕು ಬ್ರಹ್ಮಚಾರಿ, ಇದುವರ್ಗೂ ಒಂದು ಗುಂಡೂ ಹಾರಿಲ್ಲ," ಎಂದು ನಗಿಸಿದ್ದ. ಎಲ್ಲರೂ ನಕ್ಕಿದ್ದರು. ಅಂಜಿನಪ್ಪನೂ ನಕ್ಕಿದ್ದ. ಅವನ ಹೆಂಡತಿ ದೊಡ್ಡಗಂಗಮ್ಮ ಮಾತ್ರ ಎಲೆ ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತೆಂದರೆ, ಈ ಸಲ ಲೈಸೆನ್ಸ್ ರಿನ್ಯೂವಲ್ಲಿಗೆ ಬಂದೂಕಿನ ಮೇಲಿರುವ ನಂಬರಿನ ಫೋಟೋ ಸೋಮವಾರ ತಂದು ಕೊಡಿ ಎಂದರು. ಅಡವಿಯಪ್ಪನ ನಳಿಗೆಯ ನಂಬರಿನ ಮೇಲೆ ಎಣ್ಣೆ, ಮಸಿ ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಕೆರೆದರೆ ಅಪ್ಪನ ಬಂದೂಕಿಗೆ ಗೀರು ಬಿದ್ದೀತೆಂದು ತುಮಕೂರಿನ ಬಂದೂಕು ರಿಪೇರಿಯ ಸೋಮಶೇಖರನ ಹತ್ತಿರ ಒಯ್ದ. ಸೋಮಶೇಖರ್ ಸೀಮೆಎಣ್ಣೆ ಹಾಕಿ ಮೆತ್ತಗೆ ಒರೆಸಿ, ಭೂತಗನ್ನಡಿ ಹಿಡಿದ.

"ಯಜಮಾನ್ರೇ, ನಿಮ್ ನಂಬರ್ ಎಷ್ಟು ಅಂದ್ರಿ?"

"ಒಂಬೈನೂರ ಹದಿನಾಲ್ಕು."

"ಇಲ್ಲಿರೋದು ಮುನ್ನೂರ ಎಪ್ಪತ್ತೇಳು."

ಅಡವಿಯಪ್ಪ ಭೂತಗನ್ನಡಿ ಕಿತ್ತುಕೊಂಡು ನೋಡಿದ. ಮುನ್ನೂರ ಎಪ್ಪತ್ತೇಳೇ. ಮರದ ಹಿಡಿಯೇನೋ ಅಪ್ಪನದೇ, ಅಪ್ಪನ ಕೆನ್ನೆ ತಾಗಿ ತಾಗಿ ನುಣುಪಾದ ಜಾಗ ಅಲ್ಲೇ ಇತ್ತು. ಆದರೆ ನಳಿಗೆ ಬೇರೆಯವರದು.

"ಇದನ್ನ ಇನ್ಯಾರಿಗೂ ತೋರಿಸ್ಬೇಡಿ," ಎಂದು ಸೋಮಶೇಖರ್ ದನಿ ತಗ್ಗಿಸಿದ. "ಲೈಸೆನ್ಸಲ್ಲಿ ಇಲ್ದಿರೋ ನಂಬರ್ ಅಂದ್ರೆ ಸೀಜ್ ಮಾಡ್ತಾರೆ. ಸೋಮವಾರದೊಳ್ಗೆ ನಿಮ್ ನಳಿಗೆ ಎಲ್ಲಿದೆ ಹುಡುಕ್ಕಳಿ."

ಎಲ್ಲಿದೆ ಎಂದು ಅಡವಿಯಪ್ಪನಿಗೆ ಆ ಕ್ಷಣವೇ ಹೊಳೆಯಿತು. ಜಗಲಿ, ಗೋಣಿಚೀಲ, ಬಿಚ್ಚಿಟ್ಟ ಎರಡು ಬಂದೂಕು. ಅಂಜಿನಪ್ಪನೇ ಅದಲು ಬದಲು ಮಾಡಿದ್ದಾನೆ! ಅಪ್ಪನ ಬಂದೂಕು ಕೈಬಿಟ್ಟು ಹೋಗುತ್ತದೆ ಎನ್ನುವ ಭಯ ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು.

ಮಾರನೆಯ ದಿನ ಭಾನುವಾರ. ಮಗಳು ಅಕ್ಷತಾ ಗುಬ್ಬಿಯಲ್ಲೇ ಹೈಸ್ಕೂಲ್ ಟೀಚರು, ಕಾರು ತಂದಳು. ಹೆಬ್ಬೂರು ದಾಟುವವರೆಗೂ ಅಡವಿಯಪ್ಪ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಗೊಣಗಿದ.

"ಅವ್ನು ಹೊಡೆಯೋದು ನಿಲ್ಸಿದಾಗಿಂದ ಲೆಕ್ಕ ಹಾಕು, ಮೂವತ್ತೆಂಟು ವರ್ಷ ಕಣಮ್ಮ. ನಮ್ಮಪ್ಪನ ನಳಿಗೆ ಅವ್ನ ಗೋಡೇಲಿ ತೂಗಾಡ್ತಾ ಇದೆ. ಅವ್ನು ಹೊಡೆಯಲ್ಲ, ಹೊಡೆಯೋರ್ಗೂ ಕೊಡಲ್ಲ."

"ಗೊತ್ತಿಲ್ದೆ ಆಗಿರ್ಬೋದಲ್ಲಪ್ಪ."

"ಅವ್ನಿಗಾ? ಸ್ಕ್ರೂ ನೋಡಿ ಬಂದೂಕು ಯಾರ್ದು ಅಂತ ಹೇಳ್ತಾನೆ ಅವ್ನು."

ಕುಣಿಗಲ್ಲಿನ ತೋಟದ ಮನೆಯಲ್ಲಿ ಅಂಜಿನಪ್ಪ ಅಂಗಳದ ಮಂಚದ ಮೇಲೆ ಕೂತು ಬನಿಯನ್ನಿನಲ್ಲೇ ಪೇಪರು ಓದುತ್ತಿದ್ದ. ಅವನು ಬಡಕಲಾಗಿರುವುದು ಸಿಟ್ಟಿನ ನಡುವೆಯೂ ಅಡವಿಯಪ್ಪನ ಕಣ್ಣಿಗೆ ಬಿತ್ತು.

"ಏನ್ಲಾ ಅಡವಿ, ದಾರಿ ತಪ್ತೋ? ಬಾ ಬಾ. ಗಂಗಾ, ಕಾಫಿ ಇಡೇ, ಗುಬ್ಬಿಯಿಂದ ಸೈನ್ಯ ಬಂದದೆ."

"ಕಾಫಿ ಆಮೇಲೆ. ನಿನ್ ಬಂದೂಕು ತಗಂಬಾ."

ಅಂಜಿನಪ್ಪ ಗೆಳೆಯನ ಮುಖ ನೋಡಿದ, ಅವನ ಕೈಯಲ್ಲಿದ್ದ ಬಂದೂಕು ನೋಡಿದ, ಒಳಗೆ ಹೋಗಿ ತನ್ನದನ್ನು ತಂದಿಟ್ಟ. ಅದರ ನಂಬರು ಕೆರೆಯಬೇಕಾಗಿಯೇ ಇರಲಿಲ್ಲ. ಒಂಬೈನೂರ ಹದಿನಾಲ್ಕು ಎಂದು ಫಳಫಳ ಹೊಳೆಯುತ್ತಿತ್ತು. ದಿನಾ ಒರೆಸಿದವರ ಕೆಲಸ ಅದು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ನಮ್ಮಪ್ಪಂದು ಇಟ್ಕಂಡು ಕೂತಿದ್ಯಲ್ಲೋ! ಕಳ್ತನ ಅಲ್ವೇನ್ಲಾ ಇದು? ನಿನ್ನ ನಾನು ಏನಂತ ತಿಳ್ಕಂಡಿದ್ದೆ!"

ಕಾಫಿ ಲೋಟ ಹಿಡಿದು ಬಂದ ದೊಡ್ಡಗಂಗಮ್ಮ ಬಾಗಿಲಲ್ಲೇ ನಿಂತಳು. ಅಂಜಿನಪ್ಪ ಗೋಣಿಚೀಲ ಹಾಸಿ, ನಳಿಗೆ ಬಿಗಿದಿದ್ದ ಹಿತ್ತಾಳೆ ಪಟ್ಟಿಗಳನ್ನು ಸರಿಸಿ, ಎರಡನ್ನೂ ಬಿಚ್ಚಿ ಒಂಬೈನೂರ ಹದಿನಾಲ್ಕನ್ನು ಅವನ ಕೈಗೆ ಕೊಟ್ಟ. "ತಗೋ. ಬಂದೂಕಿಗೆ ಬಂದೂಕು ಸರಿ ಹೋಯ್ತು. ಆದ್ರೆ ಮದ್ದು ಹಾಕ್ಬೇಡ, ಹೇಳಿರ್ತೀನಿ."

ಅಡವಿಯಪ್ಪ ಅಪ್ಪನ ನಳಿಗೆಯನ್ನು ಬುಡದಿಂದ ತುದಿಯವರೆಗೆ ಸವರಿದ. ಮದ್ದು ಕೂರುವ ಜಾಗದಲ್ಲಿ ಹೆಬ್ಬೆರಳಿನ ಉಗುರು ಕೂದಲೆಳೆಯಷ್ಟು ತಡೆಯಿತು. ಇನ್ನೊಮ್ಮೆ ಸವರಿದ. ಮತ್ತೆ ತಡೆಯಿತು. ಮೂವತ್ತು ವರ್ಷ ಕಬ್ಬಿಣ ಮುಟ್ಟಿದ ಕೈಗೆ ಸುಳ್ಳು ಹೇಳಲಾಗುವುದಿಲ್ಲ.

"ಅಕ್ಷತಾ, ನಿನ್ ಬ್ಯಾಗಲ್ಲಿ ಚಾಕ್‌ಪೀಸ್ ಇದೆಯಾ? ಗಂಗಮ್ಮ, ಒಂಚೂರು ಸೀಮೆಎಣ್ಣೆ ಕೊಡವ್ವ."

ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕಲು ಅವರು ಮಾಡುತ್ತಿದ್ದ ಉಪಾಯವದು. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸ್ ಪುಡಿ ಉಜ್ಜಿದ. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಬಿಳಿ ಪುಡಿಯ ಮೇಲೆ ಬೆರಳುದ್ದದ ಒಂದು ಒದ್ದೆ ಗೆರೆ ಮೆಲ್ಲಗೆ ಎದ್ದು ಬಂತು.

ಅಡವಿಯಪ್ಪನಿಗೆ ಲೆಕ್ಕ ಒಂದೊಂದಾಗಿ ಅರ್ಥವಾಗತೊಡಗಿತು. ಪ್ರತಿ ಆಯುಧಪೂಜೆಗೆ ತಾನು ಹಿಡಿ ತುಂಬ ಮದ್ದು ಜಡಿಯುತ್ತಿದ್ದದ್ದು. ಮರದ ಹಿಡಿಗೆ ಕೆನ್ನೆ ಒತ್ತಿ ಬಂದೂಕಿನ ಕುದುರೆ ಎಳೆಯುತ್ತಿದ್ದದ್ದು. ಪಕ್ಕದಲ್ಲೇ ಐದು ವರ್ಷದ ಅಕ್ಷತಾ ಕಿವಿ ಮುಚ್ಚಿಕೊಂಡು ತನ್ನ ಪಂಚೆ ಹಿಡಿದು ನಿಲ್ಲುತ್ತಿದ್ದದ್ದು. ಈ ನಳಿಗೆಯಿಂದ ಹೊಡೆದಿದ್ದರೆ ಅದು ತನ್ನ ಮುಖದಲ್ಲೇ ಸಿಡಿಯುತ್ತಿತ್ತು. ತನ್ನ ಮುಖ ಹೋಗಲಿ, ಆ ಮಗು?

"ಯಾವಾಗ ನೋಡ್ದೆ?" ಕೇಳಿದ ಅಡವಿಯಪ್ಪ.

"ಎಂಬತ್ತಾರ್ರಲ್ಲಿ. ಬಿಸಿ ಎಣ್ಣೆ ಬಿಟ್ಟು ನಿಲ್ಸಿದ್ವಲ್ಲ, ನೀನು ಬೀಡಿ ತರಕ್ಕೋಗಿದ್ದೆ. ಹೊರಗಡೆ ಎಣ್ಣೆ ದಾರದಂಗೆ ಜಿನುಗ್ತು."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಕೇಳ್ತಿದ್ಯೇನ್ಲಾ ನೀನು? ನಿಮ್ಮಪ್ಪನ ಬಂದೂಕು ಅಂದ್ರೆ ನಿಂಗೆ ದೇವ್ರು. ಬಿರುಕು ಬಿಟ್ಟದೆ ಅಂದಿದ್ರೆ, ನಮ್ಮಪ್ಪಂದ್ಕೆ ಬಿರುಕಾ ಅಂತ ಹಠಕ್ಕೆ ಇನ್ನೊಂದು ಹಿಡಿ ಮದ್ದು ಜಾಸ್ತಿ ಜಡೀತಿದ್ದೆ."

ಅದು ಅಕ್ಷರಶಃ ನಿಜ. ಅಡವಿಯಪ್ಪ ಊರವರ ಬಂದೂಕುಗಳನ್ನೆಲ್ಲ ಪರೀಕ್ಷೆ ಮಾಡಿದ್ದ. ಅಪ್ಪನದನ್ನು ಪೂಜೆ ಮಾಡಿದ್ದನೇ ಹೊರತು ಪರೀಕ್ಷೆ ಮಾಡಿರಲಿಲ್ಲ.

"ನಂದು ಗಟ್ಟಿ ಇತ್ತು. ನಿಂಗೆ ಹಾಕ್ಬುಟ್ಟೆ. ಅಷ್ಟೇಯ," ಎಂದು ಅಂಜಿನಪ್ಪ ಕೈ ಒರೆಸಿಕೊಂಡ.

ದೊಡ್ಡಗಂಗಮ್ಮನಿಗೆ ತಡೆಯಲಾಗಲಿಲ್ಲ. "ಅಷ್ಟೇಯ ಅಂತೆ! ಅಣ್ಣ, ಮದ್ವೆ ಮನೇಲಿ ನೀವು ಅಂಗಂದ ದಿನ ನಾನು ಹೇಳೇಬುಡ್ತೀನಿ ಅಂತ ಹೊಂಟಿದ್ದೆ. ಇವ್ರು ಕೈ ಹಿಡ್ದು ನಿಲ್ಸುದ್ರು. ನಗ್ಲಿ ಬುಡು, ನಗಕ್ಕೆ ಮುಖ ಇದೆಯಲ್ಲ, ಅಷ್ಟು ಸಾಕು ಅಂದ್ರು."

ಅಡವಿಯಪ್ಪ ಎಪ್ಪತ್ತೆರಡರ ವಯಸ್ಸಿನಲ್ಲಿ, ಮಗಳ ಎದುರಿಗೆ, ಗೋಣಿಚೀಲದ ಮೇಲೆ ಕೂತು ಅತ್ತ. ಟವೆಲ್ಲಿಗೆ ಸೀಮೆಎಣ್ಣೆ ಮೆತ್ತಿದ್ದರಿಂದ ಕಣ್ಣು ಇನ್ನೂ ಉರಿದು ಮತ್ತಷ್ಟು ಅತ್ತ. ಅಂಜಿನಪ್ಪ, "ಥೂ, ಮುಖ ತೊಳ್ಕೊ ಹೋಗ್ಲಾ," ಎಂದು ತಂಬಿಗೆ ನೀರು ಮುಂದಿಟ್ಟ.

ಎರಡೂ ಬಂದೂಕುಗಳನ್ನು ಅವರಿಬ್ಬರೇ ಸೇರಿ ಮತ್ತೆ ಕೂಡಿಸಿದರು. ಮೂವತ್ತೆಂಟು ವರ್ಷದ ಮೇಲೆ ಅವರವರ ಅಪ್ಪಂದಿರ ಬಂದೂಕುಗಳು ಅವರವರ ಕೈಯಲ್ಲಿ ಇಡಿಯಾಗಿ ಕೂತವು. ಅಕ್ಷತಾ ಒಂಬೈನೂರ ಹದಿನಾಲ್ಕರ ಫೋಟೋ ತೆಗೆದುಕೊಂಡಳು. ಅಂಜಿನಪ್ಪನ ರಿನ್ಯೂವಲ್ಲಿಗೂ ಬೇಕಾಗುತ್ತದೆಂದು ನೆನಪಾಗಿ ಮುನ್ನೂರ ಎಪ್ಪತ್ತೇಳರದ್ದನ್ನೂ ತೆಗೆದಳು.

ಅಷ್ಟರಲ್ಲಿ ತೋಟಕ್ಕೆ ಕೋತಿಗಳ ಹಿಂಡು ಇಳಿಯಿತು. ಎಳನೀರು ದಬದಬ ಬೀಳತೊಡಗಿದವು. ದೊಡ್ಡಗಂಗಮ್ಮ ಅಭ್ಯಾಸಬಲದಿಂದ ಖಾಲಿ ಡಬ್ಬ ಬಡಿಯಲು ಓಡಿದಳು. "ತಡಿ," ಎಂದ ಅಂಜಿನಪ್ಪ. ಒಳಗಿಂದ ಒಂದು ಕೇಪು ತಂದ. ಮದ್ದಿಲ್ಲ, ಗುಂಡಿಲ್ಲ, ಬರೀ ಕೇಪು ಇಟ್ಟು, ಬಂದೂಕನ್ನು ಭುಜಕ್ಕೆ ಏರಿಸಿದ. ಕುದುರೆ ಎಳೆದ. ಟಪ್ ಎಂದಿತು. ಕೋತಿಗಳು ಗರಿಯಿಂದ ಗರಿಗೆ ಹಾರಿ ಪಕ್ಕದ ತೋಟದ ಪಾಲಾದವು. ಅಂಜಿನಪ್ಪನ ಮುಖ ಹದಿನೆಂಟು ವರ್ಷದವನ ಮುಖದಂತೆ ಅರಳಿತು. ಇಷ್ಟು ವರ್ಷ ಅವನಿಗೆ ಎಷ್ಟು ಆಸೆ ಇತ್ತೆಂದು ಅಡವಿಯಪ್ಪ ಆಗ ಕಂಡ.

"ನೀನೂ ನಿಂದ್ರಲ್ಲಿ ಒಂದು ಕೇಪು ಹೊಡೀಲಾ. ಬರೀ ಕೇಪಿಗೆ ಏನೂ ಆಗಲ್ಲ."

ಅಡವಿಯಪ್ಪ ಅಪ್ಪನ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ.

"ಬ್ಯಾಡ ಕಣ್ಲಾ, ನಂಗೆ ಭಯ. ಇನ್ಮೇಲೆ ಯಾರಾದ್ರೂ ಕೇಳಿದ್ರೆ ಅಂಜುಬುರುಕ ಅಡವಿಯಪ್ಪ ಅಂತಾನೇ ಹೇಳು."

"ಸುಮ್ನೆ ಬುಡ್ತೀನಾ? ನೀನು ಮೂವತ್ತೆಂಟು ವರ್ಷ ಅಂದಿದ್ಯ," ಎಂದ ಅಂಜಿನಪ್ಪ, "ನಾನೂ ಮೂವತ್ತೆಂಟು ವರ್ಷ ಅಂತೀನಿ. ಅಲ್ಲೀಗಂಟ ಬದುಕಿರು."