ಬೆಂಡೆಕಾಯಿಯ ಎರಡನೇ ತಟ್ಟೆ

ನಾನು ಒಂದು ಮೇಜು. ಗ್ರೀಸ್ ದೇಶದ ಪುಟ್ಟ ದ್ವೀಪವೊಂದರಲ್ಲಿ ದೋಣಿ ಕಟ್ಟುವವನೊಬ್ಬ ಉಳಿದ ಹಲಗೆಗಳಿಂದ ನನ್ನನ್ನು ಮಾಡಿದ. ದೋಣಿ ಕಟ್ಟುವವನಿಗೆ ಸಮತಟ್ಟಾದ ನೆಲದ ಮೇಲೆ ನಂಬಿಕೆ ಇರುವುದಿಲ್ಲ. ಹಾಗಾಗಿ ನನ್ನ ಒಂದು ಕಾಲು ಗಿಡ್ಡವಾಯಿತು. ಮೊದಲು ಒಬ್ಬ ಬೆಸ್ತ ನನ್ನ ಮೇಲೆ ಮೀನು ಕೊಯ್ದ. ಆಮೇಲೆ ಮರೂಸೊ ಎಂಬಾಕೆ ನನ್ನನ್ನು ತಿಕ್ಕಿ ತೊಳೆದು, ದಡದಲ್ಲಿದ್ದ ತನ್ನ ಊಟದ ಹೋಟೆಲಿನ ಅಡುಗೆಮನೆ ಕಿಟಕಿಯ ಕೆಳಗೆ, ಹೊರಗಡೆ ಹಾಕಿದಳು.

ಗಿರಾಕಿಗಳ ವಿಷಯ ಏನು ಹೇಳಲಿ? ಕೂತ ತಕ್ಷಣ ನನ್ನನ್ನು ಅಲ್ಲಾಡಿಸಿ ನೋಡುತ್ತಿದ್ದರು, ಕಾಗದ ಮಡಚಿ ಕಾಲಿನಡಿ ತುರುಕುತ್ತಿದ್ದರು, ಮತ್ತೆ ಅಲ್ಲಾಡಿಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಬ್ಬರಿಗೂ ಬೇರೆ ಮೇಜಿಗೆ ಹೋಗೋಣ ಎನ್ನಿಸಲಿಲ್ಲ.

ಇವರೆಲ್ಲರಿಗಿಂತ ಹೆಚ್ಚು ರೇಗಿಸಿದವರು ದಾವಣಗೆರೆಯ ಹಾಲೇಶಪ್ಪ ಮತ್ತು ಅವರ ಹೆಂಡತಿ ಸರ್ವಮಂಗಳಾ. ಮೊದಲ ಸಲ ರಜೆಗೆ ಬಂದಾಗಲೇ ಈ ಹೋಟೆಲನ್ನು ಮೆಚ್ಚಿ, ದಿನವೂ ನನ್ನ ಬಳಿಯೇ ಉಂಡರು. ಅವರ ಊರಿನಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟರೆ ತಪ್ಪು. ಮರೂಸೊಳ ಲೆಕ್ಕದಲ್ಲಿ ಖಾಲಿ ತಟ್ಟೆಯೆಂದರೆ ಅತಿಥಿಗೆ ಇನ್ನೂ ಹಸಿವು. ಅವರು ಬಳಿದು ತಿನ್ನುವುದು, ಇವಳು ಮತ್ತೆ ಬಡಿಸುವುದು. ಇದಕ್ಕೆ ಕೊನೆಯೆಲ್ಲಿ? ಭಾರವೆಲ್ಲ ನನ್ನ ಬೆನ್ನಿಗೆ.

ಅವರು ಮತ್ತೆ ಬರುವ ಹೊತ್ತಿಗೆ ಇಲ್ಲಿ ಕಾಲ ಕೆಟ್ಟಿತ್ತು. ಚಳಿಗಾಲದಲ್ಲಿ ಜ್ವರ ಬಂದು ಹೋದಮೇಲೆ ಮರೂಸೊಳ ನಾಲಿಗೆ ಸತ್ತಿತ್ತು. ಒಂದು ದಿನ ನನ್ನೆದುರಿಗೇ ಕೂತು ನಿಂಬೆಹೋಳು ಕಚ್ಚಿದಳು, ಮುಖ ಕಿವುಚಲಿಲ್ಲ. ಯಾರಿಗೂ ಹೇಳಲಿಲ್ಲ. ತನಗೆ ರುಚಿ ತಿಳಿಯುವವರೆಗೆ ಉಪ್ಪು ಸುರಿಯುತ್ತ ಹೋದಳು. ತಟ್ಟೆಗಳು ತುಂಬಿಕೊಂಡೇ ಒಳಗೆ ಹಿಂದಿರುಗತೊಡಗಿದವು. ದಂಪತಿಗಳು ಮತ್ತೆ ಬಂದ ದಿನ ಬೆಳಿಗ್ಗೆ ಮಗ ಲೆಫ್ತೇರಿಸ್ ನನ್ನ ಮೇಲೆ ಬಟ್ಟೆ ಹಾಸುತ್ತ ಹೇಳಿದ್ದ: “ಅಮ್ಮಾ, ಇವತ್ತೂ ಹೀಗೇ ಆದರೆ ನಾಳೆಯಿಂದ ಪೇಟೆಯ ಅಡುಗೆಯವನು ಬರುತ್ತಾನೆ. ನೀನು ಮನೆಯಲ್ಲಿ ಕೂತುಕೋ.”

“ಕೂತುಕೊಂಡು ಏನು ಮಾಡಲಿ, ನೊಣ ಹೊಡೆಯಲಾ?” ಎಂದಳು. ಅವಳ ಕೈ ಮಾತ್ರ ನನ್ನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಮಧ್ಯಾಹ್ನ ಇಬ್ಬರೂ ಬಂದು ಕೂತರು. ಟೊಮೆಟೊ ಹಾಕಿ ಬೇಯಿಸಿದ ಬೆಂಡೆಕಾಯಿ ಬಂತು.

“ರೀ, ಏನ್ರೀ ಇದು! ಬಾಯಾಗ ಇಡಾಕಾಗವಲ್ದು. ಬರೇ ಉಪ್ಪು!”

“ಮೆಲ್ಲಗ ಮಾತಾಡು. ತಟ್ಟ್ಯಾಗ ಬಿಡಬ್ಯಾಡ, ಆಯಮ್ಮ ನೋಡ್ಲಿಕತ್ತಾಳ.”

“ನಿಮಗ ಬಿ.ಪಿ. ಐತಿ, ನೆನಪೈತೇನು?”

“ರೊಟ್ಟಿ ಜೊತಿಗಿ ನುಂಗ್ತೀನಿ. ನೀರು ಕೊಡು.”

ನುಂಗಿದರು. ಹೂಜಿ ಖಾಲಿಯಾಯಿತು, ತಟ್ಟೆಯೂ ಖಾಲಿಯಾಯಿತು. ಮರೂಸೊ ಆ ತಟ್ಟೆಯನ್ನು ಬಾವುಟದಂತೆ ಎತ್ತಿ ಹಿಡಿದು, “ನೋಡೋ ಕಣ್ಣುಬಿಟ್ಟು!” ಎಂದು ಮಗನಿಗೆ ತೋರಿಸಿದಳು. ತೋರಿಸಿದ್ದೇ ತಡ, ಎರಡನೇ ತಟ್ಟೆ ನನ್ನ ಮೇಲೆ ಬಂದು ಕೂತಿತು. ನನಗೆ ಬಾಯಿದ್ದಿದ್ದರೆ ಮೂವರಿಗೂ ಸರಿಯಾಗಿ ಬಯ್ಯುತ್ತಿದ್ದೆ.

ಹಾಲೇಶಪ್ಪ ಬೆವರು ಒರೆಸಿಕೊಂಡು ಚಮಚ ಎತ್ತಿದರು. ಸರ್ವಮಂಗಳಾ ಅದನ್ನು ಕಿತ್ತಿಟ್ಟು, “ನಿಮ್ಮ ಮರ್ಯಾದಿ ನಿಮ್ಮನ್ನ ಆಸ್ಪತ್ರಿಗೆ ಹಾಕ್ತೈತಿ,” ಎಂದು ಎದ್ದು ನೆಟ್ಟಗೆ ಅಡುಗೆಮನೆಗೆ ನಡೆದರು. ಇಲ್ಲಿ ಗಿರಾಕಿಗಳು ಒಳಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುವುದು ರೂಢಿ, ಯಾರೂ ತಡೆಯಲಿಲ್ಲ. ಆಕೆ ಪಾತ್ರೆಯಿಂದ ಒಂದು ಚಮಚ ತೆಗೆದು ಮರೂಸೊಳ ಬಾಯಿಗೆ ಹಿಡಿದರು. ಮರೂಸೊ ನುಂಗಿದಳು. ಮುಖದಲ್ಲಿ ಏನೂ ಕದಲಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮರೂಸೊ ಮುಕ್ಕಾಲಿಯ ಮೇಲೆ ಕುಸಿದಳು.

“ರೀ, ಬರ್ರಿ ಇಲ್ಲಿ! ಇವರ ಮಗನಿಗೆ ಇಂಗ್ಲಿಷಿನಾಗ ಹೇಳ್ರಿ. ನಮ್ಮನ್ಯಾಗ ಎಡಿ ಹಿಡಿಯೂಮಟ ಅಡಿಗೀ ನಾಲಿಗಿಗೆ ಮುಟ್ಟಸಂಗಿಲ್ಲ. ದೇವರ ಮುಂದ ಇಟ್ಟಮ್ಯಾಲ ರುಚಿ. ನಾ ಲಗ್ನ ಆದಾಗಿಂದ ಅಂಗೈ ನೋಡೇ ಉಪ್ಪು ಹಾಕೀನಿ.”

ಹಾಲೇಶಪ್ಪ ಲೆಫ್ತೇರಿಸನಿಗೆ ಹೇಳಿದರು. ಅವನು ತಾಯಿಗೆ ಹೇಳಿದ.

“ರುಚಿ ನೋಡದೆ ಅಡುಗೆಯೇ?” ಮರೂಸೊ ಸಿಡುಕಿದಳು. “ಅದೇನು ದೋಣಿಗೆ ಬಣ್ಣ ಹೊಡೆಯುವ ಕೆಲಸವೇ?”

ಸರ್ವಮಂಗಳಾ ಅವಳ ಅಂಗೈ ಬಿಡಿಸಿ, ಬೆಂಡೆಕಾಯಿಯ ಗುಡ್ಡೆ ತೋರಿಸಿ, ಇಷ್ಟಕ್ಕೆ ಈ ಗೆರೆಯವರೆಗೆ ಎಂದು ಉಪ್ಪು ಸುರಿದರು. ಹೊಸ ಪಾತ್ರೆ ಒಲೆಯೇರಿತು. ಮರೂಸೊ ನಡುವೆ ಚಮಚ ಅದ್ದಲು ಹೋದಾಗಲೆಲ್ಲ ಕೈಗೆ ಒಂದು ಏಟು ಬಿತ್ತು.

ಬೆಂದಮೇಲೆ ಲೆಫ್ತೇರಿಸ್ ತಿಂದ. ರೊಟ್ಟಿಯ ಚೂರಿನಿಂದ ತಟ್ಟೆಯನ್ನು ಒರೆಸಿ ತಿಂದು, ಪೇಟೆಗೆ ಫೋನ್ ಮಾಡಿ ಅಡುಗೆಯವನು ಬರುವುದು ಬೇಡವೆಂದ. ಮರೂಸೊ ತಕ್ಷಣ ಆ ಒರೆಸಿದ ತಟ್ಟೆಗೆ ಮತ್ತೆ ಬಡಿಸಿದಳು. ಈ ಜನಕ್ಕೆ ಬುದ್ಧಿ ಬರುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಉಪ್ಪುಗಾಳಿಗೆ ನನ್ನ ಕೀಲುಗಳು ಸಡಿಲವಾದವು. ದಡಕ್ಕೆ ಪ್ಲಾಸ್ಟಿಕ್ ಮೇಜುಗಳು ಬಂದವು. ನನ್ನನ್ನು ಒಲೆಯ ಪಕ್ಕದ ಮೂಲೆಗೆ ದೂಡಿ ಮೇಲೆ ಈರುಳ್ಳಿ ರಾಶಿ ಹಾಕಿದ್ದಾರೆ. ವಾಸನೆಗೆ ತಲೆ ಸಿಡಿಯುತ್ತದೆ. ಹೊಗೆ ಬೇರೆ. ಆದರೆ ಇಷ್ಟು ಹತ್ತಿರದಿಂದ ಮರೂಸೊಳನ್ನು ನಾನು ಎಂದೂ ನೋಡಿರಲಿಲ್ಲ. ಪಾತ್ರೆ ಇಳಿಸುವಾಗ ಈಗಲೂ ಅವಳ ಚಮಚ ತಾನಾಗಿ ತುಟಿಯವರೆಗೆ ಏರುತ್ತದೆ. ಅಲ್ಲೇ ಒಂದು ಗಳಿಗೆ ನಿಲ್ಲುತ್ತದೆ. ಅವಳು ಅದನ್ನು ಕೆಳಗಿಡುತ್ತಾಳೆ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ, ಕಿಟಕಿಯಿಂದ ಕೂಗುತ್ತಾಳೆ: “ತಗೊಂಡು ಹೋಗೋ, ಆಯಿತು!”

ಮಗ ಬಂದು, ರುಚಿ ನೋಡದೆ, ತಗೊಂಡು ಹೋಗುತ್ತಾನೆ.